ಸ್ಯಾಡ್: ಚಳಿಗಾಲದ ಬೇಸರಕ್ಕೆ ಈ ಹೆಸರು ಹೇಗೆ ಬಂತು? ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್ ಬಂತೆಂದರೆ ಸಿಯಾಟಲ್, ಟೊರೊಂಟೊ, ಲಂಡನ್ ಕಡೆಯ ಕನ್ನಡಿಗರ ಮಾತಿನಲ್ಲಿ ಒಂದು ಪದ ನುಸುಳುತ್ತದೆ: 'ಇಲ್ಲಿ ಎಲ್ಲರಿಗೂ ಸ್ಯಾಡ್ ಶುರುವಾಯ್ತು ನೋಡಿ.' ಊರಲ್ಲಿರುವವರಿಗೆ ಇದು ಅರ್ಥವಾಗುವುದಿಲ್ಲ. ಅಲ್ಲಿರುವವರಿಗೂ ಪದ ಎಲ್ಲಿಂದ ಬಂತೆಂದು ಗೊತ್ತಿರುವುದು ಕಡಿಮೆ. ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಹೆಸರಿನ ಕಥೆ ಮೊದಲು, ವಾದ-ವಿವಾದ ಕೊನೆಗೆ.

## ಮೊದಲಿಗೆ ಕೇಳುವ ಪ್ರಶ್ನೆಗಳು

ಸ್ಯಾಡ್ ಅಂದ್ರೆ ಬೇಜಾರು, ಅಷ್ಟೇ ತಾನೇ? ಅದನ್ನೇ ಕಾಯಿಲೆ ಅಂತ ಯಾಕೆ ಹೇಳ್ತಾರೆ?

ಇದು ಇಂಗ್ಲಿಷಿನ ಮಾಮೂಲಿ 'ಸ್ಯಾಡ್' ಅಲ್ಲ, ಮೂರು ಅಕ್ಷರಗಳ ಸಂಕ್ಷೇಪ. ಪೂರ್ತಿ ಹೆಸರು ಸೀಸನಲ್ ಅಫೆಕ್ಟಿವ್ ಡಿಸಾರ್ಡರ್. ಪ್ರತಿ ವರ್ಷ ಒಂದೇ ಋತುವಿನಲ್ಲಿ, ಹೆಚ್ಚಾಗಿ ಚಳಿಗಾಲದಲ್ಲಿ, ಖಿನ್ನತೆ ಬರುತ್ತದೆ. ವಸಂತ ಬಂದಾಗ ತಾನಾಗಿಯೇ ಹೋಗುತ್ತದೆ.

ಇದರ ಗುರುತೂ ಸ್ವಲ್ಪ ಬೇರೆ. ಖಿನ್ನತೆ ಎಂದರೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ ಎಂದು ನಾವು ತಿಳಿದಿರುತ್ತೇವೆ. ಇಲ್ಲಿ ಎಷ್ಟೋ ಜನರಲ್ಲಿ ಅದು ಉಲ್ಟಾ. ಎಷ್ಟು ಮಲಗಿದರೂ ಸಾಲದು. ಅನ್ನ, ಬ್ರೆಡ್, ಸಿಹಿ ತಿನ್ನಬೇಕೆಂಬ ಚಪಲ. ತೂಕ ಏರುತ್ತದೆ. ಕೈಕಾಲು ಸೀಸ ಕಟ್ಟಿದ ಹಾಗೆ ಭಾರ. ಯಾರನ್ನೂ ನೋಡುವುದು ಬೇಡ, ಫೋನ್ ಎತ್ತುವುದೂ ಬೇಡ. ಹಾಗಾಗಿ ಮನೆಯವರು ಇದನ್ನು 'ಸೋಮಾರಿತನ' ಎಂದು ಬೈದು ಸುಮ್ಮನಾಗುವುದು ಜಾಸ್ತಿ.

ಈ ಹೆಸರು ಇಟ್ಟವರು ಯಾರು? ಯಾವಾಗ?

ನಾರ್ಮನ್ ರೋಸೆಂತಾಲ್ ಮತ್ತು ಅವರ ಸಹೋದ್ಯೋಗಿಗಳು, 1984ರಲ್ಲಿ. ಇವರೆಲ್ಲ ವಾಷಿಂಗ್ಟನ್ ಪಕ್ಕದ ಬೆಥೆಸ್ಡಾದಲ್ಲಿರುವ ಅಮೆರಿಕ ಸರ್ಕಾರದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು. ಮನೋವೈದ್ಯರ ಪತ್ರಿಕೆಯೊಂದರಲ್ಲಿ 29 ರೋಗಿಗಳ ವಿವರ ಕೊಟ್ಟು ಒಂದು ಪ್ರಬಂಧ ಪ್ರಕಟಿಸಿದರು. ಅದರ ತಲೆಬರಹದಲ್ಲೇ ಈ ಹೆಸರಿತ್ತು.

ರೋಸೆಂತಾಲ್ ಹುಟ್ಟಿ ಬೆಳೆದದ್ದು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ. ಅಲ್ಲಿ ಚಳಿಗಾಲವೆಂದರೂ ಬಿಸಿಲು ಧಾರಾಳ. 1976ರಲ್ಲಿ ಮನೋವೈದ್ಯಶಾಸ್ತ್ರ ಓದಲು ನ್ಯೂಯಾರ್ಕಿಗೆ ಬಂದರು. ಬೇಸಿಗೆಯಲ್ಲಿ ಹತ್ತು ಕೆಲಸ ಮೈಮೇಲೆ ಎಳೆದುಕೊಂಡವರಿಗೆ ಚಳಿಗಾಲದಲ್ಲಿ ಒಂದನ್ನೂ ಮುಗಿಸಲು ಆಗಲಿಲ್ಲ. ವಸಂತದಲ್ಲಿ ಮತ್ತೆ ಹುರುಪು ಬಂತು. ಅದು ಅವರ ತಲೆಯಲ್ಲಿ ಉಳಿದುಬಿಟ್ಟಿತು. ನ್ಯೂಯಾರ್ಕಿನಲ್ಲೇ ಹುಟ್ಟಿದವರಿಗೆ ಅದು ಮಾಮೂಲಿ ಡಿಸೆಂಬರ್, ಅಲ್ವಾ? ಬಿಸಿಲಿನ ನಾಡಿನಿಂದ ಬಂದವರಿಗೆ ಮಾತ್ರ ಕಣ್ಣಿಗೆ ಹೊಡೆಯುವಂಥ ವ್ಯತ್ಯಾಸ ಅದು.

ವೈದ್ಯರಲ್ಲ, ಒಬ್ಬ ಎಂಜಿನಿಯರ್ ಇದನ್ನು ಕಂಡುಹಿಡಿದ ಅಂತಾರಲ್ಲ, ನಿಜವೇ?

ಬಹುಮಟ್ಟಿಗೆ ನಿಜ. ಈ ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವ ಮನುಷ್ಯ ಹರ್ಬರ್ಟ್ ಕೆರ್ನ್.

ಕೆರ್ನ್‌ಗೆ ಪ್ರತಿ ವರ್ಷ ಒಂದೇ ಹೊತ್ತಿಗೆ ಮನಸ್ಸು ಕುಸಿಯುತ್ತಿತ್ತು, ಒಂದೇ ಹೊತ್ತಿಗೆ ಏಳುತ್ತಿತ್ತು. ಕೆಟ್ಟ ದಿನಗಳಲ್ಲಿ ಕೆಲಸಕ್ಕೆ ಹೋಗುವುದೇ ಕಷ್ಟ. ಒಳ್ಳೆಯ ದಿನಗಳಲ್ಲಿ ನಿದ್ದೆಯೇ ಬೇಡ. ಅವರು ಮಾಡಿದ್ದು ಎಂಜಿನಿಯರ್ ಮಾಡುವ ಕೆಲಸ. 1967ರಿಂದ ತಮ್ಮ ಏರಿಳಿತಗಳನ್ನು ಪುಸ್ತಕದಲ್ಲಿ ಬರೆದಿಟ್ಟರು. ವರ್ಷಗಟ್ಟಲೆ ಬರೆದ ಮೇಲೆ ತಿರುವಿ ನೋಡಿದಾಗ ಹಗಲು ಕುಗ್ಗುವುದಕ್ಕೂ ತಮ್ಮ ಮನಸ್ಸು ಕುಗ್ಗುವುದಕ್ಕೂ ತಾಳೆಯಾಗುತ್ತಿತ್ತು.

ಅಷ್ಟರಲ್ಲಿ 1980ರಲ್ಲಿ ಬೆಥೆಸ್ಡಾದ ಆಲ್ಫ್ರೆಡ್ ಲ್ಯೂವಿ ಮತ್ತು ಸಂಗಡಿಗರು ಒಂದು ವಿಷಯ ತೋರಿಸಿಕೊಟ್ಟರು. ರಾತ್ರಿ ನಮ್ಮ ಮೈಯಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಉಕ್ಕುತ್ತದೆ. ಮನುಷ್ಯರಲ್ಲಿ ಬೆಳಕು ಅದನ್ನು ತಡೆಯುವುದಿಲ್ಲ ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದರು. ತಡೆಯುತ್ತದೆ, ಆದರೆ ಮನೆಯ ಮಾಮೂಲಿ ದೀಪ ಸಾಲದು. 2,500 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಪ್ರಖರತೆಯ ಅಳತೆ) ಪ್ರಖರ ಬೆಳಕು ಬೇಕು. ಕೆರ್ನ್ ತಮ್ಮ ಬರಹ ಹಿಡಿದು ಈ ತಂಡವನ್ನು ಹುಡುಕಿಕೊಂಡು ಹೋದರು.

ಆಗ ಅವರಿಗೆ 63 ವರ್ಷ. ಆ ಚಳಿಗಾಲದಲ್ಲಿ ಬೆಳಗಾಗುವ ಮೊದಲು ಮೂರು ಗಂಟೆ, ಸಂಜೆ ಮತ್ತೆ ಮೂರು ಗಂಟೆ ಪ್ರಖರ ದೀಪಗಳ ಮುಂದೆ ಕೂರಿಸಿದರು. ಉದ್ದೇಶ ಸರಳ: ಡಿಸೆಂಬರಿನ ಹಗಲನ್ನು ಬೇಸಿಗೆಯ ಹಗಲಿನಷ್ಟು ಎಳೆಯುವುದು. ಕೆಲವೇ ದಿನಗಳಲ್ಲಿ ಅವರು ಗೆಲುವಾದರು. 1982ರಲ್ಲಿ ಆ ಪ್ರಯೋಗದ ವರದಿ ಬಂದಾಗ ಲೇಖಕರ ಪಟ್ಟಿಯಲ್ಲಿ ಕೆರ್ನ್ ಹೆಸರೂ ಇತ್ತು. ರೋಗಿಯೇ ಸಹಲೇಖಕನಾಗುವುದು ವೈದ್ಯಕೀಯದಲ್ಲಿ ದಿನಾ ನಡೆಯುವ ಸಂಗತಿಯಲ್ಲ.

ಒಬ್ಬರಿಂದ 29 ಜನ ಹೇಗಾದರು?

ದಿನಪತ್ರಿಕೆಯಿಂದ. 1981ರಲ್ಲಿ ವಾಷಿಂಗ್ಟನ್ ಪೋಸ್ಟ್ ಈ ಸಂಶೋಧನೆಯ ಬಗ್ಗೆ ಬರೆಯಿತು. ಚಳಿಗಾಲದಲ್ಲಿ ಹೀಗಾಗುವವರು ಅಲ್ಲೊಬ್ಬ ಇಲ್ಲೊಬ್ಬ ಸಿಗಬಹುದೆಂದು ತಂಡದವರು ಅಂದುಕೊಂಡಿದ್ದರು. ದೇಶದ ಮೂಲೆಮೂಲೆಯಿಂದ ಸಾವಿರಕ್ಕೂ ಹೆಚ್ಚು ಜನ ಬರೆದರು. 'ನನಗೊಬ್ಬನಿಗೇ ಹೀಗೆ ಅಂದುಕೊಂಡಿದ್ದೆ' ಎಂಬ ಧಾಟಿಯ ಪತ್ರಗಳು. ಅವರಿಗೆ ಪ್ರಶ್ನಾವಳಿ ಕಳಿಸಿ, ಜರಡಿ ಹಿಡಿದು, ಕೊನೆಗೆ ಉಳಿದವರೇ 1984ರ ಪ್ರಬಂಧದ ರೋಗಿಗಳು. ಕಾಯಿಲೆಗೆ ಹೆಸರು ಬರುವ ಮೊದಲೇ ಅದರ ಜನ ಒಂದೆಡೆ ಸೇರಿಯಾಗಿತ್ತು.

## ಹೆಸರಿನ ಬಗ್ಗೆ

ಬೇಕಂತಲೇ 'ಸ್ಯಾಡ್' ಅಂತ ಬರೋ ಹಾಗೆ ಹೆಸರಿಟ್ಟರಾ?

ಅಕ್ಷರಗಳು ಏನು ಹೇಳುತ್ತವೆ ಎಂಬುದು ಹೆಸರಿಟ್ಟವರ ಕಣ್ಣಿಗೆ ಬೀಳದೇ ಇರಲು ಸಾಧ್ಯವೇ ಇಲ್ಲ. ಆದರೆ ಪದಗಳನ್ನು ಎಲ್ಲಿಂದಲೋ ಎಳೆದು ತಂದಿದ್ದೇನೂ ಅಲ್ಲ. 'ಅಫೆಕ್ಟಿವ್' ಎಂದರೆ ಮನಸ್ಸಿನ ಭಾವಕ್ಕೆ ಸಂಬಂಧಿಸಿದ್ದು. ಅಮೆರಿಕದ ಮನೋವೈದ್ಯರು ಬಳಸುವ ಡಿಎಸ್‌ಎಂ ಎಂಬ ಕೈಪಿಡಿಯ 1980ರ ಆವೃತ್ತಿಯಲ್ಲಿ ಖಿನ್ನತೆಯಂಥ ಕಾಯಿಲೆಗಳ ಅಧ್ಯಾಯಕ್ಕೆ ಇದ್ದ ಹೆಸರೇ 'ಅಫೆಕ್ಟಿವ್ ಡಿಸಾರ್ಡರ್ಸ್'. ಅದಕ್ಕೆ 'ಸೀಸನಲ್' ಸೇರಿಸಿದರು, ಅಷ್ಟೇ.

ತಮಾಷೆ ಏನೆಂದರೆ, 1987ರ ಪರಿಷ್ಕರಣೆಯಲ್ಲಿ ಅದೇ ಅಧ್ಯಾಯದ ಹೆಸರು 'ಮೂಡ್ ಡಿಸಾರ್ಡರ್ಸ್' ಎಂದಾಯಿತು. ಪ್ರಬಂಧ ನಾಲ್ಕು ವರ್ಷ ತಡವಾಗಿದ್ದರೆ ಹೆಸರು 'ಸೀಸನಲ್ ಮೂಡ್ ಡಿಸಾರ್ಡರ್' ಎಂದಾಗುತ್ತಿತ್ತೋ ಏನೋ. ಎಸ್‌ಎಂಡಿ! ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಿದ್ದರು? ಪದ ಇಷ್ಟು ದೂರ ಹೋದದ್ದು ಅರ್ಧ ವಿಜ್ಞಾನದಿಂದ, ಅರ್ಧ ಈ ಅದೃಷ್ಟದಿಂದ ಎಂದೇ ನನ್ನ ಲೆಕ್ಕ. ಇವತ್ತು ಇಂಗ್ಲಿಷಿನಲ್ಲಿ ದೀಪಕ್ಕೂ 'ಸ್ಯಾಡ್ ಲ್ಯಾಂಪ್' ಎಂದೇ ಹೆಸರು.

ಅದೇ ಅದೃಷ್ಟ ಅದರ ತೊಂದರೆಯೂ ಹೌದು. ಕಾಯಿಲೆಯ ಹೆಸರು 'ಬೇಜಾರು' ಎಂದೇ ಕೇಳಿಸಿದರೆ, ಮೋಡ ಕವಿದ ದಿನ ಮುಖ ಸಪ್ಪೆ ಮಾಡಿಕೊಂಡವರೆಲ್ಲ 'ನನಗೆ ಸ್ಯಾಡ್' ಎನ್ನುತ್ತಾರೆ. ನಿಜವಾಗಿ ಹಾಸಿಗೆ ಬಿಟ್ಟು ಏಳಲಾಗದವನು ಅದನ್ನೇ ಹೇಳಿದಾಗ ಯಾರೂ ಕಿವಿಗೊಡುವುದಿಲ್ಲ.

1984ಕ್ಕೆ ಮೊದಲು ಯಾರಿಗೂ ಇದು ಗೊತ್ತೇ ಇರಲಿಲ್ವಾ?

ಗೊತ್ತಿತ್ತು, ಹೆಸರಿರಲಿಲ್ಲ. ಎರಡನೇ ಶತಮಾನದ ಗ್ರೀಕ್ ವೈದ್ಯ ಅರಿಟಿಯಸ್ ಜಡ ಹಿಡಿದ ರೋಗಿಗಳನ್ನು ಬೆಳಕಿನಲ್ಲಿ, ಬಿಸಿಲಿನಲ್ಲಿ ಮಲಗಿಸಿ ಎಂದು ಬರೆದಿದ್ದ.

ಇದಕ್ಕಿಂತ ಕಣ್ಣಿಗೆ ಕಟ್ಟುವುದು 'ಬೆಲ್ಜಿಕಾ' ಹಡಗಿನ ಕಥೆ. 1898ರಲ್ಲಿ ಈ ಹಡಗು ಅಂಟಾರ್ಕ್ಟಿಕಾದ ಮಂಜುಗಡ್ಡೆಯಲ್ಲಿ ಸಿಕ್ಕಿಬಿತ್ತು. ಮೇ ತಿಂಗಳಲ್ಲಿ ಮುಳುಗಿದ ಸೂರ್ಯ ಎರಡು ತಿಂಗಳ ಮೇಲೂ ಏಳಲಿಲ್ಲ. ನಾವಿಕರು ಮಂಕಾದರು, ಊಟ ಬಿಟ್ಟರು, ಒಬ್ಬಿಬ್ಬರಿಗೆ ಬುದ್ಧಿಯೇ ಕೆಟ್ಟಿತು. ಹಡಗಿನ ವೈದ್ಯ ಫ್ರೆಡರಿಕ್ ಕುಕ್ ಅವರನ್ನು ಬಟ್ಟೆ ಬಿಚ್ಚಿಸಿ ಉರಿಯುವ ಒಲೆಯ ಮುಂದೆ ಕೂರಿಸಿದ. ಪೆಂಗ್ವಿನ್ ಮತ್ತು ಸೀಲ್ ಮಾಂಸ ತಿನ್ನಿಸಿದ. ಆ ಮಾಂಸದಿಂದ ವಿಟಮಿನ್ ಸಿ ಕೊರತೆಯ ಕಾಯಿಲೆಯಾದ ಸ್ಕರ್ವಿ ಕಡಿಮೆಯಾಯಿತು. ಒಲೆಯ ಉರಿಯಿಂದ ಮನಸ್ಸಿಗೆ ಏನೋ ಒಳ್ಳೆಯದಾಗುತ್ತದೆ ಎಂದು ಅವನು ನಂಬಿದ್ದ. ಆ ಹಡಗಿನಲ್ಲಿದ್ದ ಯುವಕನೊಬ್ಬ ಮುಂದೆ ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ. ಅವನೇ ರೋವಾಲ್ಡ್ ಅಮುಂಡ್‌ಸನ್.

ಉತ್ತರದ ನಾಡುಗಳ ಭಾಷೆಗಳಲ್ಲಿ ಆ ಕತ್ತಲ ಕಾಲಕ್ಕೇ ಪದಗಳಿವೆ. ಫಿನ್ನಿಷ್‌ನಲ್ಲಿ 'ಕಾಮೊಸ್', ನಾರ್ವೇಜಿಯನ್‌ನಲ್ಲಿ 'ಮೊರ್ಕೆಟಿಡ್'. ಅಲ್ಲಿನವರಿಗೆ ಅದು ಕಾಯಿಲೆಗಿಂತ ಮೊದಲು ಒಂದು ಋತು.

'ವಿಂಟರ್ ಬ್ಲೂಸ್' ಅಂದ್ರೂ ಇದೇನಾ?

ಅದರ ಚಿಕ್ಕ ತಮ್ಮ ಎನ್ನಿ. ಚಳಿಗಾಲದಲ್ಲಿ ಸ್ವಲ್ಪ ಮಂಕು, ಆದರೆ ಕೆಲಸ-ಮನೆ ನಡೆಯುತ್ತಿದೆ ಎಂದರೆ ವಿಂಟರ್ ಬ್ಲೂಸ್. 'ಬ್ಲೂಸ್' ಹಳೆಯ ಪದ. ಮನಸ್ಸು ಕೆಡಿಸುವ 'ನೀಲಿ ಪಿಶಾಚಿ'ಗಳು ಎಂಬ ಮಾತು ಇಂಗ್ಲಿಷಿನಲ್ಲಿತ್ತು. ಅದೇ ಮೊಟಕಾಗಿ ಬ್ಲೂಸ್ ಆಯಿತು. ಲಂಡನ್ನಿನ ನಟ ಡೇವಿಡ್ ಗ್ಯಾರಿಕ್ 1741ರ ಪತ್ರವೊಂದರಲ್ಲಿ ಮೈ ಪೂರ್ತಿ ಸರಿಯಿಲ್ಲ, ಆದರೂ ಮೊದಲಿನಷ್ಟು ಬ್ಲೂಸ್ ಕಾಟವಿಲ್ಲ ಎಂಬರ್ಥದಲ್ಲಿ ಬರೆದಿದ್ದ. ಅಂದರೆ ಆಗಲೇ ಮೈ ಹುಷಾರಿಲ್ಲದ ಮಾತೂ ಮನಸ್ಸು ಕೆಟ್ಟ ಮಾತೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು.

ಜನವರಿಯ 'ಬ್ಲೂ ಮಂಡೇ' ವರ್ಷದ ಅತಿ ಬೇಸರದ ದಿನವಂತೆ. ಸಂಶೋಧನೆ ಆಗಿದೆಯಾ?

ಇಲ್ಲ. ಅದು 2005ರಲ್ಲಿ ಪ್ರವಾಸದ ಟಿವಿ ಚಾನೆಲ್ ಒಂದರ ಪ್ರಚಾರಕ್ಕೆ ಹುಟ್ಟಿದ್ದು. ಹವಾಮಾನ, ಸಾಲ, ಕ್ರಿಸ್‌ಮಸ್ ಮುಗಿದು ಕಳೆದ ದಿನಗಳು ಎಲ್ಲ ಸೇರಿಸಿ ಒಂದು ಗಣಿತದ ಸೂತ್ರದ ವೇಷ ತೊಡಿಸಿದ್ದರು. ಟಿಕೆಟ್ ಮಾರುವ ಲೆಕ್ಕ ಅದು.

## ನಮ್ಮ ಕಡೆಯವರು ಕೇಳುವುದು

ಬೆಂಗಳೂರಲ್ಲಿ ಇದ್ದೋರಿಗೆ ಯಾಕೆ ಇದರ ಗಾಳಿಯೇ ಇಲ್ಲ?

ಹಗಲಿನ ಲೆಕ್ಕ ನೋಡಿ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆ 20 ನಿಮಿಷ ದಾಟುತ್ತದೆ. ಅತಿ ಉದ್ದದ ಹಗಲಿಗೂ ಅದಕ್ಕೂ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೇ. ಡಿಸೆಂಬರ್ ಕೊನೆಯ ಹೊತ್ತಿಗೆ ಸಿಯಾಟಲ್‌ನಲ್ಲಿ ಹಗಲು ಸುಮಾರು ಎಂಟೂವರೆ ಗಂಟೆ, ಲಂಡನ್ನಿನಲ್ಲಿ ಎಂಟಕ್ಕೂ ಕಡಿಮೆ, ಹೆಲ್ಸಿಂಕಿಯಲ್ಲಿ ಆರಕ್ಕೂ ಕಡಿಮೆ. ಅದರಲ್ಲೂ ಮೋಡ. ಕತ್ತಲಲ್ಲಿ ಆಫೀಸಿಗೆ ಹೋಗಿ ಕತ್ತಲಲ್ಲೇ ಮನೆಗೆ ಬಂದರೆ ವಾರವಿಡೀ ಸೂರ್ಯನ ಮುಖ ಕಾಣುವುದು ಊಟದ ಬಿಡುವಿನಲ್ಲಿ ಮಾತ್ರ.

ಉತ್ತರಕ್ಕೆ ಹೋದಷ್ಟೂ ಸ್ಯಾಡ್ ಜಾಸ್ತಿ ಎಂಬ ಲೆಕ್ಕ ಒಂದು ಕಾಲದಲ್ಲಿ ಚೆನ್ನಾಗಿ ಕೂತಿತ್ತು ಕೂಡ. 1990ರ ಒಂದು ಸಮೀಕ್ಷೆಯಲ್ಲಿ ಬಿಸಿಲಿನ ಫ್ಲಾರಿಡಾದ ಸಾರಸೋಟಾದಲ್ಲಿ ಸ್ಯಾಡ್ 1.4 ಶೇಕಡಾ ಜನರಲ್ಲಿ, ಉತ್ತರದ ನ್ಯೂಹ್ಯಾಂಪ್‌ಶೈರ್‌ನ ನ್ಯಾಶುವಾದಲ್ಲಿ 9.7 ಶೇಕಡಾ ಜನರಲ್ಲಿ ಕಂಡಿತ್ತು.

ನಮ್ಮ ಮಲೆನಾಡಲ್ಲಿ ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಸಿಲೇ ಇಲ್ಲ. ಅದೂ ಸ್ಯಾಡ್ ಅಲ್ವಾ?

ಆಗುಂಬೆ ಕಡೆಯವರು ಈ ಪ್ರಶ್ನೆ ಕೇಳದೆ ಬಿಡುವುದಿಲ್ಲ. ನ್ಯಾಯವಾದ ಪ್ರಶ್ನೆಯೇ. ಆದರೆ ಜೂನ್-ಜುಲೈನಲ್ಲಿ ನಮ್ಮ ಹಗಲು ವರ್ಷದಲ್ಲೇ ಉದ್ದ. ದಟ್ಟ ಮೋಡದಡಿಯೂ ಅಂಗಳದಲ್ಲಿ ಸಾವಿರಾರು ಲಕ್ಸ್ ಬೆಳಕಿರುತ್ತದೆ, ಮನೆಯೊಳಗಿನ ಬಲ್ಬಿಗಿಂತ ಎಷ್ಟೋ ಪಟ್ಟು. ಜಡಿಮಳೆಗೆ ಬೇಸರ ಬರುವುದು ಸಹಜ. ಒದ್ದೆ ಬಟ್ಟೆ, ಕರೆಂಟ್ ಇಲ್ಲ, ಮುಚ್ಚಿದ ಶಾಲೆ, ಅಡಿಕೆಗೆ ಕೊಳೆರೋಗದ ಚಿಂತೆ. ಇವಕ್ಕೆಲ್ಲ ಕಾರಣ ಕಣ್ಣೆದುರೇ ಇದೆ. ವರ್ಷಾ ವರ್ಷಾ ಅದೇ ತಿಂಗಳಲ್ಲಿ ಬದುಕೇ ನಿಂತುಹೋಗುವಷ್ಟು ಕುಸಿದರೆ ಮಾತ್ರ ವೈದ್ಯರಿಗೆ ತೋರಿಸುವ ವಿಷಯ, ಹೆಸರು ಏನೇ ಇರಲಿ.

ಬೇಸಿಗೆಯಲ್ಲಿ ಬರುವ ಸ್ಯಾಡ್ ಅಂತನೂ ಇದೆಯಾ?

ಇದೆ, ಅಪರೂಪ. ರೋಸೆಂತಾಲ್ ತಂಡದ ಥಾಮಸ್ ವೇರ್ 1980ರ ದಶಕದಲ್ಲೇ ವಿವರಿಸಿದ್ದರು. ಅದರಲ್ಲಿ ನಿದ್ದೆ, ಹಸಿವು ಎರಡೂ ಕಡಿಮೆ, ಚಡಪಡಿಕೆ ಜಾಸ್ತಿ.

## ಸ್ವಲ್ಪ ಆಳದ ಪ್ರಶ್ನೆಗಳು

ದೀಪದ ಎದುರು ಕೂತರೆ ಖಿನ್ನತೆ ಹೋಗುತ್ತೆ ಅನ್ನೋದು ನಂಬೋ ಮಾತಾ?

ಸಾಕಷ್ಟು ಜನರಿಗೆ ಉಪಯೋಗವಾಗುತ್ತದೆ. ಎಲ್ಲರಿಗೂ ಅಲ್ಲ. ಕೆರ್ನ್ ಕಾಲದ ಆರು ಗಂಟೆ ಈಗಿಲ್ಲ. 10,000 ಲಕ್ಸ್ ಪೆಟ್ಟಿಗೆ ಬಂದ ಮೇಲೆ ಬೆಳಗ್ಗೆ ಎದ್ದ ತಕ್ಷಣ ಅರ್ಧ ಗಂಟೆ ಎಂಬ ರೂಢಿಯಾಗಿದೆ. ದೀಪವನ್ನೇ ದಿಟ್ಟಿಸಬೇಕಿಲ್ಲ. ಪಕ್ಕದಲ್ಲಿಟ್ಟುಕೊಂಡು ಕಾಫಿ ಕುಡಿಯಬಹುದು, ಪೇಪರ್ ಓದಬಹುದು. ಬೆಳಕು ಕಣ್ಣಿಗೆ ಬೀಳಬೇಕು, ಅಷ್ಟೇ. ಹೋಲಿಕೆಗೆ ಹೇಳುವುದಾದರೆ ಮಾಮೂಲಿ ಆಫೀಸಿನ ಬೆಳಕು 300ರಿಂದ 500 ಲಕ್ಸ್, ನೆತ್ತಿಯ ಮೇಲಿನ ಬಿಸಿಲು 1 ಲಕ್ಷದ ಹತ್ತಿರ. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ 10,000 ಎಷ್ಟು ದೂರಕ್ಕೆ ಎಂದು ನೋಡಿ. ಕೆಲವು ಚಿಕ್ಕ ದೀಪಗಳು ಮೂಗಿಗೆ ತಾಗಿಸಿಕೊಂಡರೆ ಮಾತ್ರ ಅಷ್ಟು ಕೊಡುತ್ತವೆ.

ಔಷಧಿಯೂ ಇದೆ. ಬ್ಯುಪ್ರೊಪಿಯಾನ್‌ನ ಒಂದು ರೂಪಕ್ಕೆ ಅಮೆರಿಕದಲ್ಲಿ 2006ರಲ್ಲಿ ಇದನ್ನು ತಡೆಯಲೆಂದೇ ಒಪ್ಪಿಗೆ ಸಿಕ್ಕಿತು. ಮಾತಿನ ಚಿಕಿತ್ಸೆಯೂ ಕಡಿಮೆಯಿಲ್ಲ. ವರ್ಮಾಂಟ್ ವಿಶ್ವವಿದ್ಯಾಲಯದ ಕೆಲ್ಲಿ ರೋಹನ್ 177 ಜನರಲ್ಲಿ ದೀಪವನ್ನೂ, ಯೋಚನೆ-ನಡವಳಿಕೆಯ ರೂಢಿ ಬದಲಿಸಲು ಕಲಿಸುವ ಕಾಗ್ನಿಟಿವ್ ಬಿಹೇವಿಯರ್ ಥೆರಪಿಯನ್ನೂ ಹೋಲಿಸಿ ನೋಡಿದರು. ಆ ಚಳಿಗಾಲದ ಮಟ್ಟಿಗೆ ಎರಡೂ ಸಮ. ಎರಡು ಚಳಿಗಾಲ ಕಳೆದ ಮೇಲೆ ಖಿನ್ನತೆ ಮರುಕಳಿಸಿದ್ದು ಥೆರಪಿ ಪಡೆದವರಲ್ಲಿ 27 ಶೇಕಡಾ, ದೀಪದವರಲ್ಲಿ 46 ಶೇಕಡಾ ಜನರಲ್ಲಿ. ದೀಪ ಪ್ರತಿ ವರ್ಷ ಹಚ್ಚಬೇಕು, ಜನ ಬಿಟ್ಟುಬಿಡುತ್ತಾರೆ. ಕಲಿತದ್ದು ಹಾಗೆ ಬಿಟ್ಟುಹೋಗುವುದಿಲ್ಲ.

ಕತ್ತಲೇ ಕಾರಣ ಅಂದ್ರೆ ಐಸ್‌ಲ್ಯಾಂಡಿನವರೆಲ್ಲ ಹಾಸಿಗೆ ಹಿಡಿಯಬೇಕಿತ್ತಲ್ಲ?

ಇಲ್ಲೇ ಕಥೆ ರುಚಿಯಾಗುವುದು. 1993ರಲ್ಲಿ ಐಸ್‌ಲ್ಯಾಂಡಿನ ಸಂಶೋಧಕರು ಲೆಕ್ಕ ಹಾಕಿದರು. ತೀರಾ ದಕ್ಷಿಣಕ್ಕಿರುವ ಅಮೆರಿಕದ ಪೂರ್ವ ಕರಾವಳಿಗಿಂತ ಅಲ್ಲಿ ಸ್ಯಾಡ್ ಕಡಿಮೆ ಇತ್ತು. ಕೆನಡಾದ ಮ್ಯಾನಿಟೋಬಾಕ್ಕೆ ತಲೆಮಾರುಗಳ ಹಿಂದೆ ವಲಸೆ ಹೋದ ಐಸ್‌ಲ್ಯಾಂಡ್ ಮೂಲದವರಲ್ಲೂ ಕಡಿಮೆ. ಕತ್ತಲಿಗೆ ಒಗ್ಗಿದವರೇ ಅಲ್ಲಿ ಬಾಳಿ ಉಳಿದರು, ಆ ಗುಣ ಮಕ್ಕಳಿಗೂ ಬಂತು ಎಂಬುದು ಒಂದು ಊಹೆ.

ಒಗ್ಗಿದವರೂ ಬೆಳಕಿಗೆ ಹಂಬಲಿಸುವುದಿಲ್ಲ ಎಂದಲ್ಲ. ನಾರ್ವೆಯ ರ್‍ಯೂಕನ್ ಪಟ್ಟಣ ಕಣಿವೆಯ ತಳದಲ್ಲಿದೆ. ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಬೆಟ್ಟದ ನೆರಳಿನಿಂದಾಗಿ ಅಲ್ಲಿಗೆ ಬಿಸಿಲೇ ಇಳಿಯುವುದಿಲ್ಲ. 1928ರಲ್ಲಿ ಅಲ್ಲಿನ ಕಂಪನಿ ಜನ ಮೇಲೆ ಹೋಗಿ ಬಿಸಿಲು ಕಾಯಿಸಿಕೊಂಡು ಬರಲೆಂದು ರೋಪ್‌ವೇ ಕಟ್ಟಿಸಿಕೊಟ್ಟಿತು. 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿ ನಿಲ್ಲಿಸಿದರು. ಅವು ಸೂರ್ಯನ ಜತೆ ತಿರುಗುತ್ತಾ ಊರಿನ ಚೌಕಕ್ಕೆ ಬಿಸಿಲಿನ ಒಂದು ತುಂಡು ಬೀಳಿಸುತ್ತವೆ. ಸ್ವೀಡನ್ನಿನ ಊಮಿಯೊದಲ್ಲಿ 2012ರಲ್ಲಿ ಬಸ್ ಸ್ಟಾಪುಗಳಿಗೇ ಪ್ರಖರ ದೀಪ ಹಾಕಿದ್ದರು. ಬಸ್ ತಡವಾದರೂ ಲಾಭ!

ಸ್ಯಾಡ್ ಅನ್ನೋದೇ ಸುಳ್ಳು ಅಂತ ಯಾರೋ ಸಾಬೀತು ಮಾಡಿದರಂತೆ?

2016ರಲ್ಲಿ ಅಮೆರಿಕದ ಅಲಬಾಮಾದ ಸ್ಟೀವನ್ ಲೊಬೆಲ್ಲೊ ಮತ್ತು ಜತೆಗಾರರು 34,000ಕ್ಕೂ ಹೆಚ್ಚು ಜನರ ಆರೋಗ್ಯ ಸಮೀಕ್ಷೆಯ ಉತ್ತರಗಳನ್ನು ಜಾಲಾಡಿದರು. ಋತುವಿಗೂ ಖಿನ್ನತೆಗೂ, ಊರು ಎಷ್ಟು ಉತ್ತರಕ್ಕಿದೆ ಎಂಬುದಕ್ಕೂ ಖಿನ್ನತೆಗೂ ನಂಟು ಸಿಗಲಿಲ್ಲ. ಸುದ್ದಿಗೆ 'ಸ್ಯಾಡ್ ಸುಳ್ಳು' ಎಂಬ ತಲೆಬರಹ ಬಿತ್ತು.

ಅವರ ಆಕ್ಷೇಪದಲ್ಲಿ ಹುರುಳಿದೆ. ಹಳೆಯ ಸಮೀಕ್ಷೆಗಳು 'ಚಳಿಗಾಲದಲ್ಲಿ ನಿಮಗೆ ಹೇಗೆ ಅನಿಸುತ್ತದೆ' ಎಂದು ನೇರವಾಗಿ ಕೇಳುತ್ತಿದ್ದವು. ಹಾಗೆ ಕೇಳಿದರೆ ಯಾರು ತಾನೇ 'ಚೆನ್ನಾಗಿರುತ್ತೆ' ಎನ್ನುತ್ತಾರೆ? ಹೊಸ ಸಮೀಕ್ಷೆ ಋತುವಿನ ಮಾತೇ ಎತ್ತದೆ, ಇತ್ತೀಚಿನ ದಿನಗಳ ಬಗ್ಗೆ ಮಾತ್ರ ಕೇಳಿತ್ತು. ಆದರೆ ಇಡೀ ಜನಸಮೂಹದ ಸರಾಸರಿಯಲ್ಲಿ ನೂರಕ್ಕೆ ಒಬ್ಬಿಬ್ಬರ ಏರಿಳಿತ ಕರಗಿಹೋಗಬಹುದು. ನನಗನಿಸುವುದು ಇಷ್ಟು: ಕಾಯಿಲೆ ಇದೆ, ಹೆಸರು ಹಬ್ಬಿದಷ್ಟು ದೊಡ್ಡದಾಗಿ ಇಲ್ಲ.

ಡಿಎಸ್‌ಎಂನಲ್ಲಿ ಈ ಹೆಸರೇ ಇಲ್ಲವಂತೆ, ಹೌದಾ?

ಪ್ರತ್ಯೇಕ ಕಾಯಿಲೆಯಾಗಿ ಇಲ್ಲ. 1987ರಲ್ಲಿ ಒಳಗೆ ಬಂದಾಗಲೇ ಅದು 'ಋತುಮಾನದ ಮಾದರಿ' ಎಂಬ ಬಾಲವಾಗಿ ಬಂತು. 2013ರ ಡಿಎಸ್‌ಎಂ-5ರಲ್ಲೂ ಹಾಗೇ. ವೈದ್ಯರು ಮೊದಲು ಖಿನ್ನತೆಯೋ ಬೈಪೋಲಾರೋ (ಮನಸ್ಸು ಒಮ್ಮೆ ತೀರಾ ಕುಸಿದು, ಇನ್ನೊಮ್ಮೆ ಅತಿಯಾಗಿ ಏರುವ ಕಾಯಿಲೆ) ಎಂದು ಬರೆಯುತ್ತಾರೆ, ಆಮೇಲೆ ಆ ಬಾಲ ಸೇರಿಸುತ್ತಾರೆ. ಕನಿಷ್ಠ ಎರಡು ವರ್ಷ ಅದೇ ಋತುವಿನಲ್ಲಿ ಬಂದು ಹೋಗಿರಬೇಕು, ನಡುವೆ ಬೇರೆ ಕಾಲದಲ್ಲಿ ಬಂದಿರಬಾರದು. ಪ್ರತಿ ಚಳಿಗಾಲದಲ್ಲಿ ಕೆಲಸ ಹೋಗುವಂಥ ಹೊರಗಿನ ಕಾರಣವಿದ್ದರೆ ಲೆಕ್ಕಕ್ಕಿಲ್ಲ. 1984ರ ಆ 29 ಜನರಲ್ಲಿ ಹೆಚ್ಚಿನವರು ಬೈಪೋಲಾರ್ ಬಗೆಯವರೇ ಆಗಿದ್ದರು ಎಂಬುದನ್ನು ದೀಪ ಮಾರುವವರು ಹೇಳುವುದಿಲ್ಲ.

ಮಗ ಹೊರದೇಶದಲ್ಲಿದ್ದಾನೆ. ನವೆಂಬರಿನಿಂದ ಫೋನ್ ಮಾಡಿದರೆ ಬರೀ 'ನಿದ್ದೆ ಬರ್ತಿದೆ ಅಮ್ಮಾ' ಅಂತಾನೆ. ದೀಪ ತಗೋ ಅಂತ ಹೇಳಲಾ?

ಮೊದಲು ಕಳೆದ ವರ್ಷದ ಮಾತು ಕೇಳಿ. ಹೋದ ಚಳಿಗಾಲದಲ್ಲೂ ಹೀಗಿತ್ತಾ? ಏಪ್ರಿಲ್‌ನಲ್ಲಿ ಸರಿಹೋಗಿತ್ತಾ? ಕ್ಲಾಸು, ಆಫೀಸು ತಪ್ಪಿಸುತ್ತಿದ್ದಾನಾ? ಅಡುಗೆ ಮಾಡಿಕೊಳ್ಳುತ್ತಿದ್ದಾನಾ? ಮೊದಲ ವರ್ಷವಾದರೆ ಮನೆಯ ನೆನಪು, ಓದಿನ ಒತ್ತಡವೂ ಇರಬಹುದು. ಥೈರಾಯ್ಡ್ ಮತ್ತು ವಿಟಮಿನ್ ಡಿ ಪರೀಕ್ಷೆ ಮಾಡಿಸಲು ಹೇಳಿ. ಉತ್ತರದ ಮಂದ ಬಿಸಿಲಿನಲ್ಲಿ ನಮ್ಮ ಮೈಬಣ್ಣದವರಿಗೆ ವಿಟಮಿನ್ ಡಿ ಕೊರತೆ ಬೇಗ ಬರುತ್ತದೆ, ಆ ಸುಸ್ತೂ ಹೀಗೇ ಕಾಣುತ್ತದೆ. ಮಧ್ಯಾಹ್ನ ಅರ್ಧ ಗಂಟೆ ಹೊರಗೆ ನಡೆಯುವುದಕ್ಕೆ ಯಾರ ಚೀಟಿಯೂ ಬೇಡ.

ದೀಪವನ್ನು ವೈದ್ಯರನ್ನು ಕೇಳಿಯೇ ಕೊಳ್ಳಲಿ. ಬೈಪೋಲಾರ್ ಇರುವವರಿಗೆ ಪ್ರಖರ ಬೆಳಕು ಮನಸ್ಸನ್ನು ಅತಿಯಾಗಿ ಕೆರಳಿಸಬಹುದು. ಕಣ್ಣಿನ ರೆಟಿನಾ ತೊಂದರೆ ಇರುವವರೂ ಹುಷಾರಾಗಿರಬೇಕು. 'ಬದುಕಿ ಏನು ಪ್ರಯೋಜನ' ಎಂಬಂಥ ಮಾತು ಬಂದರೆ ವಸಂತಕ್ಕೆ ಕಾಯಬೇಡಿ. ಅವನಿರುವ ಊರಿನ ತುರ್ತು ಸಹಾಯವಾಣಿಗೆ, ಅವನ ರೂಮ್‌ಮೇಟ್‌ಗೆ ಅದೇ ದಿನ ಫೋನ್ ಹೋಗಬೇಕು. ಭಾರತದಲ್ಲಿರುವವರಿಗೆ ಸರ್ಕಾರದ ಟೆಲಿ ಮಾನಸ್ ಇದೆ. ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು.